ಹದಿನೇಳನೇ ಮೊಳೆ

ಮಾರ್ಚ್ 4, ಬೆಳಿಗ್ಗೆ 6
ಮತ್ತೆ ಅದೇ ಕನಸು. ಹಲಗೆಯ ಮೊಳೆಗಳೆಲ್ಲ ಕಿತ್ತುಬಂದು ಬಿಲ್ಲೆಗಳು ನೆಲದ ತುಂಬ. ಯಾವುದು ಯಾರದೋ ತಿಳಿಯದು. ಒಂದೊಂದೂ ಕೂಗುತ್ತಿದೆ — ನನ್ನದು ಒಳಗೇ ಇದೆ, ಒಳಗೇ ಇದೆ. ಬೆವೆತು ಎದ್ದೆ.
“ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಬಿಲ್ಲೆ ಕಳೆದಿದ್ದೀರಾ? ನಿಮಗೆ ಹಗ್ಗ ಕಂಡ್ರೂ ಹಾವೇ” ಎಂದಳು ಹೆಂಡತಿ.
ಇನ್ನು ಹನ್ನೊಂದು ದಿನ. ಆಮೇಲೆ ಕ್ಲಿನಿಕ್‌ಗೆ ಬೀಗ. ದೊಡ್ಡ ಡಾಕ್ಟರು ಮನೆಗೆ. ಅವರ ಮಗಳು, ನಮ್ಮ ಚಿಕ್ಕ ಡಾಕ್ಟರು, ದೊಡ್ಡ ಆಸ್ಪತ್ರೆಗೆ. ವಾರ್ಡ್‌ಬಾಯ್ ನಾನೂ ಹಿಂದೆ ಹಿಂದೆ. ಕಿಡ್ನಿ ಡಾಕ್ಟರೊಬ್ಬರು ಬೋರ್ಡ್ ಹಾಕಿಕೊಂಡು ಒಂಟಿಯಾಗಿ ಕೂರುವ ಕಾಲ ಮುಗಿಯಿತು.

ಮಾರ್ಚ್ 7
ಕಪಾಟು ಖಾಲಿ ಮಾಡಿದೆ. ಕಲ್ಲು ಹಾಕಿಕೊಡುತ್ತಿದ್ದ ಪುಟ್ಟ ಬಾಟಲಿಗಳು ಸಿಕ್ಕವು. ಆಗ ಪಕ್ಕೆ ಕೊಯ್ದು ಕಲ್ಲು ತೆಗೆಯುತ್ತಿದ್ದರು. ಹತ್ತು ದಿನ ಮಂಚ. ಮೈ ಒರೆಸಿ, ಮಗ್ಗುಲು ತಿರುಗಿಸುವವನು ನಾನೇ. ಹೊರಡುವಾಗ ಕಲ್ಲು ತೊಳೆದು ಕೈಗೆ ಕೊಟ್ಟರೆ ಹೆತ್ತವರ ಹಾಗೆ ಹಿಗ್ಗುತ್ತಿದ್ದರು. ಒಬ್ಬ ಲಾರಿ ಡ್ರೈವರ್ — “ಹೆಂಡ್ತಿ ಉಂಗುರಕ್ಕೆ ಹರಳು ಕೇಳ್ತಿದ್ಲು, ಇದನ್ನೇ ಕೂರಿಸ್ತೀನಿ!”
ಈಗ ಲೇಸರ್. ಕಲ್ಲು ಪುಡಿ. ಮರುದಿನವೇ ಮನೆ. ನೋವು ಕಡಿಮೆ, ಒಳ್ಳೆಯದೇ. ಆದರೆ ಮುಖ ಗುರುತಾಗುವಷ್ಟರಲ್ಲಿ ರೋಗಿ ಇರುವುದಿಲ್ಲ...
ಮೂತ್ರ ಇಳಿಯಲೆಂದು ಒಳಗೊಂದು ಟ್ಯೂಬ್ ಬಿಡುತ್ತಾರೆ. ಕೆಲವು ವಾರಗಳಲ್ಲಿ ತೆಗೆಯಲೇಬೇಕು. ಮರೆತರೆ ಅದರ ಮೇಲೇ ಕಲ್ಲು ಕಟ್ಟಿ ಕಿಡ್ನಿಗೇ ಕುತ್ತು. ಏಳನೇ ಕ್ಲಾಸಿನಲ್ಲಿ ಎರಡು ಸಲ ಫೇಲಾಗಿ ಬಿಟ್ಟವನು ನಾನು, ಇಂಗ್ಲಿಷ್ ಫೈಲು ಓದಲು ಬಾರದು. ಅದಕ್ಕೇ ಹಲಗೆ. ರೋಗಿಗೊಂದು ಮೊಳೆ, ಟ್ಯೂಬಿಗೊಂದು ತಗಡಿನ ಬಿಲ್ಲೆ. ಮೇಲೆ ನಂಬರು, ಟ್ಯೂಬ್ ಹಾಕಿದ ತಾರೀಖು. ಚೌಕದ್ದು ಎಡ, ದುಂಡಗಿನದು ಬಲ. ಟ್ಯೂಬ್ ತೆಗೆದ ದಿನ ಬಿಲ್ಲೆ ಇಳಿದು ಡಬ್ಬಿಗೆ.

ಮಾರ್ಚ್ 8
ಚಿಕ್ಕ ಡಾಕ್ಟರೂ ನಾನೂ ಹಲಗೆಗೂ ಕಂಪ್ಯೂಟರ್‌ಗೂ ತಾಳೆ ನೋಡಿದೆವು. ಎಲ್ಲ ಸರಿ, ಹದಿನೇಳನೇ ಮೊಳೆ ಬಿಟ್ಟು. ಅದು ಟೈಲರ್‌ದು. ಮೊಳೆಯಲ್ಲಿ ದುಂಡು ಬಿಲ್ಲೆ. ಕಂಪ್ಯೂಟರ್‌ನಲ್ಲಿ — ತೆಗೆದಿದೆ.
“ನಾನೇ ತೆಗೆದಿದ್ದು ಮಾಮ, ಚೆನ್ನಾಗಿ ನೆನಪಿದೆ. ಬಿಲ್ಲೆ ಇಳಿಸೋಕೆ ಮರೆತಿದ್ದೀರಿ ಅಷ್ಟೆ.”
ಫ್ರಾಕ್ ಹಾಕಿಕೊಂಡು ಇದೇ ಬಿಲ್ಲೆಗಳಲ್ಲಿ ಆಡಿದ ಹುಡುಗಿ. ಬಿಲ್ಲೆ ಜೇಬಿಗಿಳಿಸಿದೆ.
ಮರೆತೆನೇ? ನಾನು?

ಮಾರ್ಚ್ 12
ಊಟ ಸೇರುತ್ತಿಲ್ಲ. ಕೈ ಜೇಬಿಗೇ ಹೋಗುತ್ತದೆ.
ಇಂದು ಡಬ್ಬಿ ಸುರುವಿ ಒಂದೊಂದಾಗಿ ನೋಡಿದೆ. ಸಿಕ್ಕಿತು — ಚೌಕ. ಹದಿನೇಳು. ಅದೇ ತಾರೀಖು. ಟೈಲರ್‌ಗೆ ಎರಡೂ ಕಡೆ ಟ್ಯೂಬ್! ಎಡದ್ದು ತೆಗೆದು, ಬಲದ್ದು ಇನ್ನೆರಡು ವಾರ ಇರಲಿ ಎಂದಿದ್ದರು. ಕಂಪ್ಯೂಟರ್‌ನಲ್ಲಿ ಒಬ್ಬರಿಗೆ ಒಂದೇ ಖಾನೆ. ಒಂದು ತೆಗೆದರೂ “ತೆಗೆದಿದೆ”.
ಅಂಗಡಿಗೆ ಓಡಿದೆ. ಸೊಂಟ ಹಿಡಿದುಕೊಂಡೇ ಹೊಲಿಯುತ್ತಿದ್ದ.
“ಬೆನ್ನುನೋವು ಅಂದ್ರೆ ಎಲ್ರೂ ಕುರ್ಚಿ ಬದಲಾಯ್ಸು ಅಂದ್ರು. ಮೂರು ಬದಲಾಯ್ಸ್ದೆ. ಈಗ ಕುರ್ಚಿಗಳಿಗೂ ನೋವು ಶುರುವಾಗಿರ್ಬೇಕು.”
“ಇನ್ನೊಂದು ಟ್ಯೂಬ್?”
“ಫೋನ್ ಮಾಡ್ತೀವಿ ಅಂದಿದ್ರು. ಬರ್ಲಿಲ್ಲ. ಅದೇ ಕರಗ್ತೇನೋ ಅಂದ್ಕೊಂಡೆ.”
ಕತ್ತರಿ ಕೆಳಗಿಡಿಸಿ, ಆಟೋದಲ್ಲಿ ಕೂರಿಸಿ ಕರೆತಂದೆ.

ಮಾರ್ಚ್ 13
ಎಕ್ಸ್‌ರೇಯಲ್ಲಿ ಬಲಗಡೆ, ಸುರುಳಿ ಸುತ್ತಿ ಕುಳಿತಿತ್ತು. ಮೇಲೆ ಮರಳು ಕಟ್ಟಲು ಶುರು. ತೆಗೆದಾಯಿತು. ಕಿಡ್ನಿ ಉಳಿಯಿತು.
ಚಿಕ್ಕ ಡಾಕ್ಟರು ಗ್ಲೌಸ್ ಕಳಚಿ ಹಲಗೆಯ ಮುಂದೆ ಬಂದು, ಹದಿನೇಳನೇ ಮೊಳೆ ಮುಟ್ಟಿ ನೋಡಿದರು. ದೊಡ್ಡ ಡಾಕ್ಟರು ಜೇಬಿನ ಬಿಲ್ಲೆ ಕೇಳಿ ಪಡೆದು, ಅಂಗೈಯಲ್ಲಿ ಹೊರಳಿಸಿ, ತಾವೇ ಡಬ್ಬಿಗೆ ಹಾಕಿದರು.

ಮಾರ್ಚ್ 16, ಹೊಸ ಆಸ್ಪತ್ರೆ
ಕನ್ನಡಿಯಂಥ ನೆಲ. ಯಾರ ಕೆಮ್ಮೂ ಗುರುತಿಲ್ಲ. ಹಲಗೆ ಹೊತ್ತು ಬಂದಾಗ ಬಾಗಿಲ ಸೆಕ್ಯೂರಿಟಿಯವನು ಕೇಳಿದ, “ಇದೇನು, ಕೀಲಿಕೈ ಸ್ಟ್ಯಾಂಡಾ?”
“ಹೂಂ, ಕಿಡ್ನಿಗಳದ್ದು” ಅಂದೆ.
ಚಿಕ್ಕ ಡಾಕ್ಟರೇ ನಿಂತು ತಮ್ಮ ಕೋಣೆಯ ಬಾಗಿಲ ಪಕ್ಕ, ಹೊರಗೋಡೆಗೆ ಅದನ್ನು ಹೊಡೆಸಿದರು. ಕಂಪ್ಯೂಟರ್‌ನಲ್ಲಿ ಈಗ ಎರಡು ಖಾನೆ, ಎಡ, ಬಲ. ಸಾಕಲ್ಲ ಅಂದುಕೊಂಡೆ. ಇನ್ನು ಹಲಗೆ ಯಾಕೆ... ಇಷ್ಟು ಬರೆಯುವಷ್ಟರಲ್ಲಿ ಒಳಗಿಂದ ಕೂಗು —
“ಮಾಮ, ಇಪ್ಪತ್ಮೂರು ತೆಗ್ದಿದೆ ಅಂತಿದೆ ಇಲ್ಲಿ. ಮೊಳೆ ಇನ್ನೊಂದ್ಸಲ ನೋಡ್ತೀರಾ? ಎಡಗಡೆದೇನಾ—”