ಎದುರುಮನೆಯ ಹೆಬ್ಬಾತು

ಸೆಪ್ಟೆಂಬರ್ 18, ಗುರುವಾರ

ಅಕ್ಟೋಬರ್ ಕೊನೆಗೆ ಬರುವ ಹ್ಯಾಲೋವೀನ್ ಹಬ್ಬ ಹತ್ತಿರವಾಗುವವರೆಗೆ ಮನೆಯ ಮುಂದೆ ಗೊಂಬೆಗಳನ್ನು ಇಡಬಾರದೆಂದು ಬಡಾವಣೆಯ ಸಂಘದಿಂದ ನೋಟಿಸು ಬಂದಿತ್ತು. ಎದುರುಮನೆಯ ಆರ್ಲೀನ್, ಕಾಲಕ್ಕೆ ತಕ್ಕ ಬಟ್ಟೆ ತೊಡಿಸಿ ನಿಲ್ಲಿಸುವ ತಮ್ಮ ಸಿಮೆಂಟಿನ ಹೆಬ್ಬಾತನ್ನು ಮೆಟ್ಟಿಲಿನಿಂದ ಹಿತ್ತಲಿಗೆ ಸಾಗಿಸಿದರು. ಎಲ್ಲರ ಬಾಗಿಲಿಗೂ ಒಂದೇ ಬೂದುಬಣ್ಣ ಇರಬೇಕೆಂಬುದೂ ಸಂಘದ ನಿಯಮವೇ.

ಸಂಜೆ ಅವರ ಗಂಡ ವೆಂಡೆಲ್ ವಾಕಿಂಗ್ ಮುಗಿಸಿ ಬಂದು ನಮ್ಮ ಬಾಗಿಲಿಗೆ ತಮ್ಮ ಕೀಲಿ ತಿರುಗಿಸುತ್ತಿದ್ದರು. ಕೈಹಿಡಿದು ಅವರ ಮನೆಗೆ ಬಿಟ್ಟುಬಂದೆ.

"ಇವ್ರು ಮನೆ ನಂಬರ್ ಮರೀತಾರೆ ಕಣೇ, ಬಾತು ಮರೆಯಲ್ಲ. ಒಂದೊಂದ್ಸಲ ನನ್ನೇ ಮರೀತಾರೆ, ಅದು ಮಾತ್ರ ನೆನಪಿರುತ್ತೆ," ಎಂದರು ಆರ್ಲೀನ್.

ನಾವಿಬ್ಬರೂ ಅದನ್ನು ಹೊತ್ತು ಮತ್ತೆ ಮೆಟ್ಟಿಲಿಗೆ ತಂದೆವು.

"ದಂಡ ಹಾಕ್ತಾರೆ, ಆರ್ಲೀನ್."

"ಹಾಕ್ಲಿ. ಮೊದ್ಲು ಅದರ ರೇನ್‌ಕೋಟ್ ತಗೊಂಡ್ಬಾ, ಮಳೆ ಬರೋ ಹಾಗಿದೆ."

ಮಂಗಳವಾರ ಸಂಘದ ಸಭೆಯಲ್ಲಿ ಅವರ ಪರವಾಗಿ ಮಾತಾಡಲು ಒಪ್ಪಿದ್ದೇನೆ. ಏನು ಹೇಳಲಿ ಎಂದು ಕೂತರೆ ಒಂದೇ ನೆನಪಾಗುತ್ತದೆ: ಕೀಲಿ ತಿರುಗದಿದ್ದಾಗ ಆ ಹಿರಿಯರು ಬಾಗಿಲಿಗೇ ಮೆಲ್ಲಗೆ "ಸಾರಿ" ಅಂದಿದ್ದರು.