ಬಾನೆಟ್ಟಿನ ಮೇಲೆ ರೇಷ್ಮೆ ಎಳೆ

೬ ಜುಲೈ ೧೯೯೭, ಭಾನುವಾರ
ಕಾರು ತೊಳೆದೆ. ರಸ್ತೆಯ ಬಗ್ಗೆ ಇಲಾಖೆಗೆ ಹನ್ನೊಂದನೆಯ ಪತ್ರ. ಉತ್ತರ ಬರುವುದಿಲ್ಲ. ಎಪ್ಪತ್ತೆರಡರಲ್ಲಿ ಬರೆದದ್ದಕ್ಕೇ ಇನ್ನೂ ಬಂದಿಲ್ಲ.

ಮೊಳಕಾಲ್ಮುರಿನಿಂದ ಮತ್ತೆ ಫೋನು. ಸೊಂಟ ಮುರಿದು ಮಲಗಿರುವ ಜಗದಾಂಬಕ್ಕ ದಿನಾ ತಂಗಿಯನ್ನು ಕೇಳುತ್ತಾರಂತೆ. ನನ್ನ ಹೆಂಡತಿ ಸರ್ವಮಂಗಳ ಕಣ್ಣೊರೆಸಿಕೊಂಡಳು. ಬಸ್ಸು ಹತ್ತಿದರೆ ವಾಂತಿ. ಕಾರೆಂದರೆ ಭಯ — ಹೋದ ತಿಂಗಳು ಲಾರಿಯೊಂದು ಎದುರಿನಿಂದ ಹಾದ ರಭಸಕ್ಕೆ ನಮ್ಮ ಕಾರಿನ ಮೂತಿ ಎದ್ದು ಓಲಾಡಿತು. "ನಿಮ್ ಕಾರಿಗೆ ಇನ್ಮೇಲೆ ಕಾಲಿಡಲ್ಲ" ಎಂದವಳು ಇಟ್ಟಿಲ್ಲ.

ತಪ್ಪು ಅವಳದಲ್ಲ. ಬೀರುವಿನಂಥ ಮೂತಿ ಮಾಡಿ ಮಾರಿದವರದು!

೮ ಜುಲೈ
ಲೈಬ್ರರಿಯ ಪುಸ್ತಕದಲ್ಲಿ ಕಾರಣ ಸಿಕ್ಕಿತು. ವೇಗದಲ್ಲಿ ಗಾಳಿ ಕಾರಿನಡಿಗೆ ನುಗ್ಗಿ ಮುಂಭಾಗ ಹಗುರಾಗುತ್ತದೆ. ಬಂಪರಿನ ಕೆಳಗೆ ಅಡ್ಡ ತಗಡು ಕಟ್ಟಿದರೆ ಗಾಳಿ ಪಕ್ಕಕ್ಕೆ ಸರಿಯುತ್ತದೆ. ಶೇಂಗಾ ಎಣ್ಣೆಯ ಎರಡು ಖಾಲಿ ಡಬ್ಬ ಬಿಚ್ಚಿ ಚಪ್ಪಟೆ ಮಾಡಿದೆ. ಬೆರಳು ಕೊಯ್ಯಿತು. ಸರ್ವಮಂಗಳ ಅರಿಶಿನ ಹಚ್ಚಿದಳು.

೧೧ ಜುಲೈ, ಸಂಜೆ
ಅವಮಾನ. ತಗಡು ಕಟ್ಟುವ ಉತ್ಸಾಹದಲ್ಲಿ ರೇಡಿಯೇಟರಿಗೆ ಗಾಳಿ ಹೋಗುವ ಮುಂದಿನ ಜಾಲರಿಯನ್ನೂ ಮುಚ್ಚಿಬಿಟ್ಟಿದ್ದೆ. ಒಬ್ಬನೇ ದೊಡ್ಡಉಳ್ಳಾರ್ತಿ ಕಡೆ ಹೋದೆ. ರೇಡಿಯೇಟರ್ ಕುದಿಯಿತು. ಕುರಿ ಮೇಯಿಸುತ್ತಿದ್ದ ಕ್ಯಾತಪ್ಪ ನೀರು ಕೊಟ್ಟು, ಬಗ್ಗಿ ನೋಡಿ, ನಕ್ಕ.

"ಮೇಷ್ಟ್ರೇ, ಟಗರಿನ ಮೂಗು ಮುಚ್ಚಿ ಓಡು ಅಂದ್ರೆ ಎಲ್ಲಿ ಓಡ್ತೈತ್ರಿ?"

ಮೂವತ್ತೆರಡು ವರ್ಷ ವಿಜ್ಞಾನ ಹೇಳಿಕೊಟ್ಟ ನನಗೆ… ಜಾಲರಿ ತೆರೆದೆ. ಕೆಳಗಿನ ತಗಡು ಮಾತ್ರ ಉಳಿಸಿದೆ.

೧೬ ಜುಲೈ
ನಾಲ್ಕು ದಿನ ಕಾರಿನ ಹತ್ತಿರ ಸುಳಿಯಲಿಲ್ಲ. ಇವತ್ತು ಅವಳೇ ಕೇಳಿದಳು: "ಗಾಳಿ ಎಲ್ಲಿ ಹೋಗ್ತೈತೆ ಅಂತ ಹೆಂಗ್ರೀ ಗೊತ್ತಾಗೋದು?"

ದಾರದ ತುಂಡು ಅಂಟಿಸಬೇಕು ಎಂದೆ. ದಾರ ಮಲಗಿದರೆ ಗಾಳಿ ಸರಾಗ. ಒದ್ದಾಡಿದರೆ ಸುಳಿ.

"ಹತ್ತಿ ದಾರ ಭಾರ ಆಗ್ತೈತೆ, ತಡೀರಿ." ಟ್ರಂಕಿನಿಂದ ಅಕ್ಕನ ಮಗ್ಗದ ತುಂಡು ರೇಷ್ಮೆ ತಂದಳು. ನೇಕಾರರ ಮಗಳು! ಬಾನೆಟ್ಟಿಗೆ, ಬಂಪರಿಗೆ ಇಪ್ಪತ್ತನಾಲ್ಕು ಎಳೆ. ಎಲ್ಲ ಒಂದೇ ಅಳತೆ.

೨೦ ಜುಲೈ, ಭಾನುವಾರ
ಬಳ್ಳಾರಿ ರಸ್ತೆಯವರೆಗೆ ನಡೆದೇ ಬಂದಳು. ಎಳೆ ನೋಡಲು ರಸ್ತೆ ಪಕ್ಕದಲ್ಲಿ ನಿಂತಳು. ಕಾರಿನಲ್ಲಿ ಮೂರು ಸಲ ಅವಳೆದುರಿಗೆ ಹಾದೆ.

"ಹಿಂಗೆ ಬುರ್ರಂತ ಹೋದ್ರೆ ಏನ್ ಕಾಣ್ತೈತ್ರಿ!" ಬಾಗಿಲು ತೆಗೆದು ಕೂತುಬಿಟ್ಟಳು. ನಾನು ಗೇರು ಹಾಕಿದೆ.

"ಎಡಗಡೆ ಮೂರನೇದು ಒದ್ದಾಡ್ತೈತೆ… ಈಗ ಮಲಗ್ತು." ಎದುರಿಗೆ ಲಾರಿ. ಸ್ಟೀರಿಂಗ್ ಬಿಗಿ ಹಿಡಿದೆ. ಅವಳ ಕಣ್ಣು ಎಳೆಗಳ ಮೇಲೇ. "ಎಲ್ಲಾ ಒಟ್ಟಿಗೆ ಬೆಚ್ಚಿಬಿದ್ವು, ನೋಡಿದ್ರಾ?" ನಗು ಬೇರೆ! ಕಾರು ಓಲಾಡಿತೋ, ಇಲ್ಲವೋ… ನನಗೆ ಗೊತ್ತಾಗಲಿಲ್ಲ.

ಅವಳು ತಲೆ ಎತ್ತಿದಾಗ ಮೊಳಕಾಲ್ಮುರು ದಾರಿಯ ತಳುಕು ಊರು ಬಂದಿತ್ತು. "ಅಯ್ಯೋ, ಇಷ್ಟು ದೂರ ಬಂದ್ವಾ?"

ತಿರುಗಿಸಲೇ ಎಂದೆ.

"ಯಾಕೆ? ನಡೀರಿ ಅಕ್ಕನ ಮನೆಗೆ."

೨೧ ಜುಲೈ, ಮೊಳಕಾಲ್ಮುರು
ಬೆಳಿಗ್ಗೆ ತಂಗಿ ಅಕ್ಕನ ತಲೆ ಬಾಚುತ್ತಿದ್ದಳು. ಅಕ್ಕ ನನ್ನ ಕಡೆ ನೋಡಿ, "ಇವಳನ್ನ ಕಾರಲ್ಲಿ ಹೆಂಗೆ ಕೂಡಿಸಿದ್ರಿ ಮೇಷ್ಟ್ರೇ?" ಎಂದರು. ಉತ್ತರ ಸಿದ್ಧವಿತ್ತು. ಗಾಳಿಯ ಒತ್ತಡ, ತಗಡಿನ ಕೋನ…

"ಅವರೆಲ್ಲಿ ಕೂಡಿಸಿದ್ರು? ನಾನೇ ಕೂತೆ."

ಇದನ್ನು ಪ್ರತಿಭಟಿಸಿ ಮೂರು ಪುಟ ಬರೆಯಬಹುದು. ಹೊರಗೆ ಹಾರ್ನು. ಅಕ್ಕನಿಗೆ ಎಳನೀರು ತರಬೇಕಂತೆ. ಸರ್ವಮಂಗಳ ಆಗಲೇ ಕಾರಿನಲ್ಲಿ ಕೂತು, ಮತ್ತೆ ಹಾರ್ನು ಒತ್ತುತ್ತಿದ್ದಾಳೆ —