ಲುಹಾನ್ ಆಶೀರ್ವಾದ ಕೇಳಿದ ಭಾನುವಾರ

ಅಸುನ್ಸಿಯೋನ್,
ಸೋಮವಾರ, ೧೨ ಜನವರಿ ೧೯೮೭

ಪ್ರೀತಿಯ ಆನ್ಸೆಲ್ಮೊ,

ಹೇಗಿದ್ದೀಯ? ಹಡಗಿನ ಅಡುಗೆಮನೆಯ ಬಿಸಿಗೆ ಬೆನ್ನ ಮೇಲೆದ್ದಿದ್ದ ಬೆವರುಸಾಲೆ ಕಡಿಮೆಯಾಯಿತೇ? ನನ್ನ ಅಮ್ಮ ಕಟ್ಟಿಕೊಟ್ಟ ಪುಡಿಯನ್ನು ನೀನು ಡಬ್ಬಿಯಿಂದ ತೆಗೆದೇ ಇರುವುದಿಲ್ಲ, ನನಗೆ ಗೊತ್ತು. ಹಚ್ಚಿಕೋ. ನಾವು ಚೆನ್ನಾಗಿದ್ದೇವೆ. ನಿನ್ನ ಮಗಳ ಅಲುಗಾಡುತ್ತಿದ್ದ ಹಲ್ಲು ಕೊನೆಗೂ ಬಿತ್ತು. ಬಿದ್ದದ್ದು ನಿನ್ನೂರಿನ ಸರೋವರದಲ್ಲಿ.

ಹೌದು, ಇತಾ ಮೊರೊತಿಗೆ ಹೋಗಿದ್ದೆವು. ಕೋಪ ಮಾಡಿಕೊಳ್ಳುವುದಿದ್ದರೆ ಪೂರ್ತಿ ಓದಿದ ಮೇಲೆ ಮಾಡಿಕೋ. ನಡುಬೇಸಿಗೆಯ ಶನಿವಾರದ ಸೆಖೆಗೆ ಮನೆಯ ಗೋಡೆಗಳೂ ಬೆವರುತ್ತಿದ್ದವು. ಲುಹಾನ್ ಬೇರೆ "ಅಪ್ಪ ಈಜು ಕಲ್ತ ನೀರು ತೋರ್ಸು" ಎಂದು ಹಠ ಹಿಡಿದು ಕೂತಳು. ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ನಾನು ಆ ದಡವನ್ನು ನೋಡಿದ್ದು ಇದೇ ಮೊದಲು. ಆದರೂ ಯಾರನ್ನೂ ದಾರಿ ಕೇಳಲಿಲ್ಲ. ಮದುವೆಯಾದ ಹೊಸತರಲ್ಲಿ ನೀನು ಮಲಗುವ ಮುನ್ನ ಹೇಳುತ್ತಿದ್ದುದೆಲ್ಲ ಅಲ್ಲಲ್ಲೇ ಇತ್ತು. ನಿಮ್ಮಮ್ಮ ಕಲ್ಲಂಗಡಿಯನ್ನು ತಣ್ಣಗಾಗಲೆಂದು ಹೂಳುತ್ತಿದ್ದ ಒದ್ದೆ ಮರಳಿನ ಮೂಲೆಯಲ್ಲಿ ಈಗಲೂ ಯಾರೋ ಹೂತಿದ್ದರು. ಹಾರ್ಪ್ ನುಡಿಸುವವರು ಬಂದಾಗ ನೀವೆಲ್ಲ ಬರಿಗಾಲಲ್ಲಿ ಕುಣಿಯುತ್ತಿದ್ದ ಸಿಮೆಂಟ್ ಕಟ್ಟೆ ಬಿರುಕು ಬಿಟ್ಟಿದೆ, ಬಿರುಕಿನಲ್ಲಿ ಹುಲ್ಲು. ನೀನು ನೀರಿಗೆ ಜಿಗಿಯುತ್ತಿದ್ದ ಮರದ ಅಟ್ಟಣೆಯಲ್ಲಿ ಕಂಬಗಳಷ್ಟೇ ಉಳಿದಿವೆ. ಒಂದೊಂದರ ಮೇಲೂ ಒಂದೊಂದು ಹಕ್ಕಿ ಒಡೆಯನಂತೆ ಕುಳಿತಿತ್ತು. ನಾನು ನೀರಿನಲ್ಲಿ ಕಾಲಿಟ್ಟುಕೊಂಡು ನಿಂತು, ನಾನೇ ಎಂದೂ ಕಾಣದ ಆ ಬೇಸಿಗೆಗಳಿಗಾಗಿ ಹಂಬಲಿಸಿದೆ. ಹಾಗೂ ಆಗುತ್ತದೆಯೇ? ಆಯಿತು.

ನನ್ನ ಅಮ್ಮ ಲುಹಾನಳಿಗೆ ಕಲಿಸಿರುವುದು ನಿನಗೆ ಗೊತ್ತಲ್ಲ: ತಲೆ ನರೆತ ಯಾರೇ ಕಂಡರೂ ಕೈ ಮುಗಿದು ಆಶೀರ್ವಾದ ಕೇಳಬೇಕು. ಪಟ್ಟಣದ ಬೀದಿಯಲ್ಲಿ ಅದು ದಿನಕ್ಕೆ ಇಬ್ಬರೋ ಮೂವರೋ. ಭಾನುವಾರದ ದಡದಲ್ಲಿ, ದೇವರೇ, ಎಲ್ಲಿ ನೋಡಿದರೂ ನರೆಗೂದಲು! ಛತ್ರಿಯಿಂದ ಛತ್ರಿಗೆ ಓಡಿದಳು. ತಲೆಯ ಮೇಲೆ ಚೀಪಾ ರೊಟ್ಟಿಯ ಬುಟ್ಟಿ ಹೊತ್ತ ಮುದುಕಿ ಒಂದು ಕೈಯಲ್ಲಿ ಬುಟ್ಟಿ ಹಿಡಿದೇ ಹರಸಿದಳು. ಚಡ್ಡಿಯಲ್ಲಿ ನಿದ್ದೆ ಹೋಗಿದ್ದ ಒಬ್ಬ ದಪ್ಪ ಮನುಷ್ಯನನ್ನೂ ಎಬ್ಬಿಸಿಬಿಟ್ಟಳು. "ಏನಮ್ಮ, ನಾನೇನು ಪಾದ್ರೀನಾ?" ಎಂದು ಗೊಣಗಿದರೂ ಆತ ಕೈ ಎತ್ತಿಯೇ ಎತ್ತಿದ. ಮುಗಿದ ಕೈಯನ್ನು ಬರಿದೇ ಕಳಿಸುವವರು ನಮ್ಮಲ್ಲಿ ಯಾರಿದ್ದಾರೆ?

ಹಾಗೆ ಓಡುತ್ತ ದೋಣಿಗಳ ಕಡೆಗೆ ಹೋದಳು. ಮಗುಚಿಟ್ಟ ದೋಣಿಯ ನೆರಳಿನಲ್ಲಿ ಒಬ್ಬರು ಕುಳಿತು ಹಗ್ಗ ಹೊಸೆಯುತ್ತಿದ್ದರು. ನಿನ್ನ ಕಿವಿಗಳನ್ನೇ ಅವರ ತಲೆಗೆ ಅಂಟಿಸಿದಂತಿತ್ತು. ಅವರು ನಿಮ್ಮಪ್ಪನೆಂದು ನನಗೆ ಅರ್ಥವಾಗಿ ಕೂಗುವಷ್ಟರಲ್ಲಿ ಇವಳು ಕೈ ಮುಗಿದಾಗಿತ್ತು, ಮಾವ ಕೈ ಎತ್ತಿಯೂ ಆಗಿತ್ತು. "ದೇವರು ಒಳ್ಳೇದು ಮಾಡ್ಲಿ ಮಗಳೇ. ಯಾರ ಪೈಕಿ ನೀನು?" "ಆನ್ಸೆಲ್ಮೊ ಮಗಳು. ದೊಡ್ಡ ಹಡಗಲ್ಲಿ ಅಡುಗೆ ಮಾಡ್ತಾನಲ್ಲ, ಅವ್ನು."

ನಿಮ್ಮಪ್ಪನ ದೋಣಿ ಬಿಟ್ಟು, ಆಶೀರ್ವಾದವನ್ನೂ ಕೇಳದೆ ನೀನು ಸರಕು ಸಾಗಿಸುವ ಬಾರ್ಜ್ ಹತ್ತಿದಾಗ ಇವಳು ಹುಟ್ಟಿಯೇ ಇರಲಿಲ್ಲ. ಅಂದಿನಿಂದ ಅವರು ನಿನ್ನ ಹೆಸರೆತ್ತಿಲ್ಲವೆಂದು ಊರೆಲ್ಲ ಹೇಳುತ್ತದೆ. ಈಗ ಆ ಹೆಸರು ಅವರೆದುರು ನಿಂತು ಹಲ್ಲು ಅಲ್ಲಾಡಿಸುತ್ತಿತ್ತು. ಅವರು ತಮ್ಮ ಕೈಯನ್ನೇ ಸ್ವಲ್ಪ ಹೊತ್ತು ನೋಡಿಕೊಂಡರು. ನಾನು ಓಡಿ ಬಂದು ಕ್ಷಮೆ ಕೇಳಿದೆ. "ಕೊಟ್ಟಾಯ್ತಲ್ಲಮ್ಮ, ಇನ್ನು ವಾಪಸ್ ಕಿತ್ಕೊಳ್ಳೋಕಾಗುತ್ತಾ?" ಎಂದರು. ಆಮೇಲೆ ನನ್ನನ್ನು ಬಿಟ್ಟು ಅವಳನ್ನೇ ಕೇಳಿದರು: "ನಿಮ್ಮಪ್ಪ ಈಗ್ಲೂ ನಾಯಿ ಥರ ತಲೆ ಎತ್ಕೊಂಡೇ ಈಜ್ತಾನಾ?" ಲುಹಾನ್ ಗಂಭೀರವಾಗಿ, "ನಮ್ಮಪ್ಪ ಈಜಲ್ಲ ತಾತ, ಸಾರು ಮಾಡ್ತಾನೆ" ಎಂದಳು. ಅವರು ಮೂಗಿನಲ್ಲೇ ನಕ್ಕರು, ನಿನ್ನ ಹಾಗೆ.

ಮಧ್ಯಾಹ್ನವೆಲ್ಲ ಸೊಂಟದವರೆಗಿನ ನೀರಿನಲ್ಲಿ ನಿಂತು, ಅವಳ ಹೊಟ್ಟೆಯ ಕೆಳಗೆ ಅಂಗೈ ಹಿಡಿದು ಕಾಲು ಬಡಿಯಲು ಕಲಿಸಿದರು. ಹಲ್ಲು ಬಿದ್ದದ್ದು ಆಗಲೇ. ನಿನ್ನ ಬಗ್ಗೆ ನನ್ನೊಡನೆ ಒಂದೇ ಒಂದು ಮಾತಾಡಲಿಲ್ಲ. ಹಾಗೇ ಬಸ್ಸಿನ ಹೊತ್ತಾಯಿತು.

ಅಮ್ಮ ನಿನ್ನನ್ನು ಹರಸಿದ್ದಾಳೆ. ಲುಹಾನ್ ಕಾಗದದ ಮೂಲೆಗೆ ಮುತ್ತಿಟ್ಟಿದ್ದಾಳೆ. ಒದ್ದೆಯಾಗಿರುವುದು ಅದೇ, ನಾನು ಅತ್ತದ್ದಲ್ಲ.

ನಿನ್ನ,
ದೆಲ್ಮಿರಾ

ಮರೆತೆ: ಬಸ್ಸು ಹೊರಟಾಗ ಮಾವ ಕಿಟಕಿಯ ಬಳಿ ಬಂದು, "ದೋಣಿ ತಳಕ್ಕೆ ಟಾರು ಬಳೀಬೇಕು, ಒಬ್ಬನ ಕೈಲಾಗಲ್ಲ" ಎಂದರು. ಪಕ್ಕದಲ್ಲೇ ಊರಿನ ಗಂಡಸರು ಹಿಂಡುಹಿಂಡಾಗಿ ನಿಂತಿದ್ದರು, ಒಬ್ಬರನ್ನೂ ಕೇಳಲಿಲ್ಲ. ನಿನ್ನ ಹಡಗು ಯಾವಾಗ ಬರುತ್ತದೆಂದು ಹೇಳಿಬಿಟ್ಟಿದ್ದೇನೆ. ಹೋಗು. ಮೊದಲು ಕೈ ಮುಗಿ, ಆಮೇಲೆ ಬಾಯಿ ತೆರೆ.